ಉಪದೇಶ ಮತ್ತು ಅನುಭವ: ಬಾಸೆಲ್ ಮಿಶನ್ನಿನ ಯುವಶಿಕ್ಷಣದಲ್ಲಿ ಆತ್ಮಸಂಸ್ಕಾರದ ನೆಲೆಗಳು

ಕರ್ನಾಟಕದ ಆಧುನಿಕ ಸಾಂಸ್ಕೃತಿಕ ಚರಿತ್ರೆಯಲ್ಲಿ ಬಾಸೆಲ್ ಮಿಶನ್ನಿನ ಹೆಸರು ಬಂದಾಗಲೆಲ್ಲ ಮೊದಲು ನೆನಪಾಗುವುದು ಅದರ ಲೌಕಿಕ ಸಾಧನೆಗಳು. ಮಂಗಳೂರಿನ ಕಲ್ಲಚ್ಚಿನ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟು, ಹೆಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗ — ಇವುಗಳನ್ನು ಕುರಿತು ಕನ್ನಡದಲ್ಲಿ ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಮಿಶನ್ನು ತನ್ನ ಮುಖ್ಯ ಕೆಲಸವೆಂದು ಭಾವಿಸಿದ್ದು ಇವಾವುದನ್ನೂ ಅಲ್ಲ. ತರುಣರ ಅಂತರಂಗವನ್ನು ತಿದ್ದುವುದು, ಅವರಲ್ಲಿ ದೇವರ ಅರಿವನ್ನು ಬೆಳೆಸುವುದು, ಆ ಅರಿವನ್ನು ಮತ್ತೊಬ್ಬರಿಗೆ ಹೇಳಬಲ್ಲವರನ್ನಾಗಿ ಅವರನ್ನು ರೂಪಿಸುವುದು ಅದರ ಗುರಿಯಾಗಿತ್ತು. ಉಳಿದುವೆಲ್ಲ ಆ ಗುರಿಯ ಸಾಧನಗಳು. ಸಾಧನಗಳ ಚರಿತ್ರೆ ಬರೆಯಲ್ಪಟ್ಟಷ್ಟು ವಿವರವಾಗಿ ಗುರಿಯ ಚರಿತ್ರೆ ಬರೆಯಲ್ಪಟ್ಟಿಲ್ಲ.

ಇದಕ್ಕೆ ಕಾರಣವೂ ಇದೆ. ಮುದ್ರಿತ ಪುಸ್ತಕ ಕಣ್ಣಿಗೆ ಕಾಣುತ್ತದೆ. ಒಬ್ಬ ತರುಣನ ಒಳಗೆ ನಡೆದ ಬದಲಾವಣೆ ಕಾಣುವುದಿಲ್ಲ. ಅದರ ಕುರಿತು ದೊರೆಯುವ ಬರೆಹಗಳಲ್ಲಿ ಹೆಚ್ಚಿನವು ಮಿಶನರಿಗಳು ಯೂರೋಪಿಗೆ ಕಳುಹಿಸಿದ ವರದಿಗಳು. ಅವುಗಳಲ್ಲಿ ಕಲಿಸಿದವರ ದನಿಯಿದೆ, ಕಲಿತವರ ದನಿ ವಿರಳ. ಹಾಗಾಗಿ ಜಾನಪದ ಅಧ್ಯಯನಕ್ಕೆ ಪರಿಚಿತವಾದ ಆಕರಗಳ ಕಡೆಗೆ, ಎಂದರೆ ಆಡುವ ಮಾತು, ಹಾಡುವ ಮಟ್ಟು, ಮನೆಯ ಆಚರಣೆ, ಪಾರಿಭಾಷಿಕ ಪದಗಳ ಹಿಂದಿನ ನೆನಪು — ಇವುಗಳ ಕಡೆಗೆ ತಿರುಗುವುದು ಅನಿವಾರ್ಯವಾಗುತ್ತದೆ. ಈ ಬಗೆಯ ಆಕರಗಳ ಬೆಳಕಿನಲ್ಲಿ ಕರಾವಳಿ ಮತ್ತು ಉತ್ತರ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳ ಯುವಶಿಕ್ಷಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಶೀಲನೆಗೆ ಒಂದು ಪದವೇ ದಾರಿ ತೋರುತ್ತದೆ. ಮಿಶನ್ನಿನ ಸಭೆಗಳಲ್ಲಿ ಮಕ್ಕಳಿಗೂ ತರುಣರಿಗೂ ಧರ್ಮಬೋಧನೆ ಮಾಡುವ ದೇಶೀಯ ಸಹಾಯಕನಿಗೆ ಕನ್ನಡದಲ್ಲಿ ಸಂದ ಹೆಸರು ‘ಉಪದೇಶಿ’. ಯೂರೋಪಿನ ಭಾಷೆಗಳಲ್ಲಿ ಇದಕ್ಕೆ ಸಮನಾದ ಪದದ ಅರ್ಥ ಪ್ರಶ್ನೋತ್ತರದ ಮೂಲಕ ಬಾಯಿಪಾಠ ಮಾಡಿಸುವವನು ಎಂದಷ್ಟೇ. ಕನ್ನಡದ ‘ಉಪದೇಶ’ ಹಾಗಲ್ಲ. ಅದು ಗುರು ಶಿಷ್ಯನ ಬಳಿ ಕುಳಿತು, ಕಿವಿಯಲ್ಲಿ ಹೇಳುವ ಮಾತು. ಹೇಳುವವನು ಅದನ್ನು ತಾನು ಮೊದಲು ಅನುಭವಿಸಿರಬೇಕು ಎಂಬ ನಿಬಂಧನೆ ಆ ಪದದೊಳಗೇ ಅಡಕವಾಗಿದೆ. ಶರಣರು, ದಾಸರು, ಅವಧೂತರು ನಡೆದಾಡಿದ ನಾಡಿನಲ್ಲಿ ನುಡಿಗೂ ನಡೆಗೂ ಇರುವ ಅಂತರವನ್ನು ಜನ ತಟ್ಟನೆ ಗುರುತಿಸುತ್ತಾರೆ. ಮಿಶನ್ನು ಆ ಪದವನ್ನು ಆಯ್ದುಕೊಂಡಾಗ, ಅದರ ಜೊತೆಗೆ ಬಂದ ಅಳತೆಗೋಲನ್ನೂ ಒಪ್ಪಿಕೊಂಡಂತಾಯಿತು. ತನ್ನ ಬೋಧಕನು ಬೆಳೆಯುತ್ತಿದ್ದಾನೆಯೇ, ನಿಂತ ನೀರಾಗಿದ್ದಾನೆಯೇ ಎಂದು ಕೇಳುವ ಹಕ್ಕು ಶಿಷ್ಯನಿಗೆ ದೊರೆಯಿತು. ಮಿಶನ್ನಿನ ಯುವಶಿಕ್ಷಣದ ಏಳುಬೀಳುಗಳನ್ನು ಈ ಅಳತೆಗೋಲಿನಿಂದಲೇ ಅಳೆಯುವುದು ಉಚಿತ.

ಹೃದಯದ ಧರ್ಮ

ಬಾಸೆಲ್ ಮಿಶನ್ ಸ್ಥಾಪನೆಯಾದುದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ. ಅದರ ಕಾರ್ಯಕರ್ತರಲ್ಲಿ ಹಲವರು ನೆರೆಯ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು. ಆ ಪ್ರಾಂತದ ಧಾರ್ಮಿಕ ಜೀವನವನ್ನು ರೂಪಿಸಿದ್ದು ಪಯಟಿಸ್ಟ್ ಪಂಥ. ಫಿಲಿಪ್ ಯಾಕೋಬ್ ಸ್ಪೇನರ್ 1675ರಲ್ಲಿ ಪ್ರಕಟಿಸಿದ ಕೃತಿಯಿಂದ ಬಲ ಪಡೆದ ಈ ಪಂಥ, ಸಿದ್ಧಾಂತವನ್ನು ಒಪ್ಪುವುದು ಮಾತ್ರ ಧರ್ಮವಲ್ಲ, ಹೃದಯ ಕರಗಬೇಕು, ಮನುಷ್ಯ ಹೊಸದಾಗಿ ಹುಟ್ಟಬೇಕು ಎಂದು ಸಾರಿತು. ಮನೆಗಳಲ್ಲಿ ಸಣ್ಣ ಗುಂಪಾಗಿ ಕೂಡಿ ಬೈಬಲ್ ಓದುವುದು, ಒಬ್ಬರ ಅನುಭವವನ್ನು ಮತ್ತೊಬ್ಬರು ಕೇಳುವುದು ಅದರ ಪದ್ಧತಿ. ಹಾಲೆ ನಗರದಲ್ಲಿ ಆಗಸ್ಟ್ ಹರ್ಮನ್ ಫ್ರಾಂಕೆ ನಡೆಸಿದ ಶಾಲೆಗಳ ಮೂಲಕ ಈ ದೃಷ್ಟಿ ಶಿಕ್ಷಣದ ರೂಪವನ್ನೂ ತಾಳಿತು.

ಬಾಸೆಲ್‌ನಲ್ಲಿ ಮಿಶನರಿಯಾಗಲು ಬಯಸುವ ತರುಣ ಅರ್ಜಿಯ ಜೊತೆಯಲ್ಲಿ ತನ್ನ ಆತ್ಮವೃತ್ತಾಂತವನ್ನು ಬರೆದು ಒಪ್ಪಿಸಬೇಕಾಗಿತ್ತು. ಎಲ್ಲಿ ಹುಟ್ಟಿದೆ, ಏನು ಓದಿದೆ ಎಂಬುದಕ್ಕಿಂತ ಮಿಗಿಲಾಗಿ, ತನ್ನ ಪಾಪದ ಅರಿವು ಹೇಗಾಯಿತು, ದೇವರ ಕೃಪೆ ಯಾವಾಗ ಮುಟ್ಟಿತು ಎಂಬುದನ್ನು ಅದರಲ್ಲಿ ನಿವೇದಿಸಬೇಕಾಗಿತ್ತು. ತರಬೇತಿಯ ಅರ್ಹತೆಗೆ ಅಂತರಂಗದ ಬೆಳವಣಿಗೆಯೇ ಮೊದಲ ಸಾಕ್ಷಿ. ಇದೇ ಮನೋಭಾವವನ್ನು ಹೊತ್ತು 1834ರಲ್ಲಿ ಸ್ಯಾಮುಯೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಮುಂದಿನ ಕೆಲವೇ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿಗಳಲ್ಲಿ ಕೇಂದ್ರಗಳು ತೆರೆದವು.

ಈ ಪರಂಪರೆಯೊಳಗೆ ಒಂದು ವೈರುಧ್ಯವೂ ಇದೆ. ಹೊಸ ಹುಟ್ಟು ದೇವರ ಕೃಪೆಯಿಂದ ಆಗುವಂಥದು, ಅದನ್ನು ಯಾರೂ ಕಲಿಸಲಾರರು. ಆದರೆ ಶಾಲೆಯಿರುವುದು ಕಲಿಸುವುದಕ್ಕಾಗಿ. ಗಂಟೆ ಬಾರಿಸಿ, ಪಾಠ ಒಪ್ಪಿಸಿಕೊಂಡು, ಪರೀಕ್ಷೆ ಮಾಡಿ ಅಂತರಂಗವನ್ನು ಬೆಳೆಸಬಹುದೇ? ಜರ್ಮನಿಯಲ್ಲಿ ಈ ಪ್ರಶ್ನೆಯನ್ನು ಒಂದು ಮಟ್ಟಿಗೆ ಬಗೆಹರಿಸಿದ್ದು ಮನೆಯ ವಾತಾವರಣ. ಶಾಲೆ ಹೇಳಿದ್ದನ್ನು ತಾಯಿಯ ಪ್ರಾರ್ಥನೆ, ಅಜ್ಜಿಯ ಹಾಡು ಪೋಷಿಸುತ್ತಿದ್ದವು. ಮಂಗಳೂರಿನಲ್ಲಿ ಆ ಮನೆ ಇರಲಿಲ್ಲ. ಇದ್ದ ಮನೆಯಿಂದ ತರುಣನನ್ನು ಬೇರ್ಪಡಿಸಿಯೇ ಶಿಕ್ಷಣ ಆರಂಭವಾಗುತ್ತಿತ್ತು.

ಶಾಲೆ, ವಸತಿಶಾಲೆ, ಸೆಮಿನರಿ

1830ರ ದಶಕ ಮುಗಿಯುವ ಹೊತ್ತಿಗೆ ಮಂಗಳೂರಿನಲ್ಲಿ ಕನ್ನಡ ಶಾಲೆಯೂ ಇಂಗ್ಲಿಷ್ ಶಾಲೆಯೂ ನಡೆಯುತ್ತಿದ್ದವು. 1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಅವರು ಶಿಕ್ಷಣದ ಹೊಣೆಯನ್ನು ಹೊತ್ತವರಲ್ಲಿ ಮುಖ್ಯರು. ಮೇಲ್ಜಾತಿಯ ಹುಡುಗರು ಸರಕಾರಿ ನೌಕರಿಯ ಆಸೆಯಿಂದ ಇಂಗ್ಲಿಷ್ ಶಾಲೆಗೆ ಬರುತ್ತಿದ್ದರು. ಕ್ರೈಸ್ತರಾದ ಕುಟುಂಬಗಳ ಮಕ್ಕಳಿಗೂ ಅನಾಥ ಮಕ್ಕಳಿಗೂ ವಸತಿಶಾಲೆಗಳಿದ್ದವು. ಇವರಲ್ಲಿ ಆಯ್ದ ಕೆಲವರನ್ನು ಉಪದೇಶಿಗಳಾಗಿ, ಸಭಾಪಾಲಕರಾಗಿ ತರಬೇತುಗೊಳಿಸಲು 1847ರಲ್ಲಿ ಸೆಮಿನರಿ ಆರಂಭವಾಯಿತು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯೊಲಾಜಿಕಲ್ ಕಾಲೇಜು ಇದರ ಮುಂದುವರಿಕೆ. 1965ರಲ್ಲಿ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೊಡನೆ ಕೂಡಿ ಅದು ಈ ರೂಪ ಪಡೆಯಿತು.

ವಸತಿಶಾಲೆಯ ದಿನಚರಿ ಪ್ರಾರ್ಥನೆಯಿಂದ ಆರಂಭವಾಗಿ ಪ್ರಾರ್ಥನೆಯಿಂದ ಮುಗಿಯುತ್ತಿತ್ತು. ನಡುವೆ ಓದು, ಬರೆಹ, ಲೆಕ್ಕ, ಹಾಡು, ಕೈಕೆಲಸ. ಮಾರ್ಟಿನ್ ಲೂಥರ್ 1529ರಲ್ಲಿ ರಚಿಸಿದ ಕಿರು ಪ್ರಶ್ನೋತ್ತರದ ಮಾದರಿಯಲ್ಲಿ ಹತ್ತು ಆಜ್ಞೆಗಳು, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆಗಳನ್ನು ಕಂಠಪಾಠ ಮಾಡಿಸಲಾಗುತ್ತಿತ್ತು. ಹದಿಹರೆಯಕ್ಕೆ ಬಂದವರಿಗೆ ‘ದೃಢೀಕರಣ’ದ ಪಾಠಗಳು. ಶೈಶವದಲ್ಲಿ ತಂದೆತಾಯಿಗಳು ತನ್ನ ಪರವಾಗಿ ಕೊಟ್ಟ ಮಾತನ್ನು ತರುಣನು ಸಭೆಯ ಮುಂದೆ ತನ್ನದನ್ನಾಗಿ ಮಾಡಿಕೊಳ್ಳುವ ವಿಧಿಯಿದು. ಅದರ ನಂತರವೇ ಅವನು ಪ್ರಭುಭೋಜನಕ್ಕೆ ಅರ್ಹ.

ಕಂಠಪಾಠವನ್ನು ಜಡವೆಂದು ತಳ್ಳಿಹಾಕುವುದು ಸುಲಭ. ಆದರೆ ಅಂದಿನ ಐಗಳ ಮಠದಲ್ಲಿ ಮಗ್ಗಿ, ಅಮರಕೋಶ, ಸೋಮೇಶ್ವರ ಶತಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದ ನಾಡಿಗೆ ಈ ಕ್ರಮ ಅಪರಿಚಿತವಾಗಿರಲಿಲ್ಲ. ಮೊದಲು ನಾಲಗೆಯ ಮೇಲೆ ನಿಲ್ಲಲಿ, ಅರ್ಥ ಬದುಕಿನ ಜೊತೆ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದು ಮೌಖಿಕ ಪರಂಪರೆಯ ನಂಬಿಕೆ. ಕೊರತೆಯಿದ್ದುದು ಬೇರೆ ಕಡೆ. ಐಗಳ ಮಠದ ಹುಡುಗ ಕಲಿತ ಪದ್ಯವನ್ನು ಊರಿನ ಗುಡಿಯಲ್ಲಿ, ತಾಳಮದ್ದಳೆಯಲ್ಲಿ, ಮನೆಯ ಹಿರಿಯರ ಬಾಯಲ್ಲಿ ಮತ್ತೆ ಕೇಳುತ್ತಿದ್ದ. ವಸತಿಶಾಲೆಯ ಹುಡುಗನ ಪ್ರಶ್ನೋತ್ತರಕ್ಕೆ ಅಂಥ ಮರುದನಿ ಇರಲಿಲ್ಲ. ಆ ಮರುದನಿಯನ್ನು ಬೋಧಕನು ತನ್ನ ಬಾಳಿನಿಂದಲೇ ಒದಗಿಸಬೇಕಾಗಿತ್ತು.

1844: ಒಂದು ಮಾನಸಾಂತರ ಮತ್ತು ಅದರ ಬೆಲೆ

ಬೋಧನೆ ಅಂತರಂಗವನ್ನು ಮುಟ್ಟಿದಾಗ ಏನಾಗುತ್ತದೆಂಬುದಕ್ಕೆ ಮಂಗಳೂರಿನ ಮೊದಲ ದೊಡ್ಡ ನಿದರ್ಶನ ಆನಂದರಾವ್ ಕೌಂಡಿನ್ಯ ಅವರದು. 1825ರಲ್ಲಿ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ, ಇಂಗ್ಲಿಷ್ ಶಾಲೆಯಲ್ಲಿ ಮೊಗ್ಲಿಂಗ್ ಅವರ ಶಿಷ್ಯನಾಗಿದ್ದ ಈ ತರುಣ 1844ರ ಜನವರಿಯಲ್ಲಿ ಇಬ್ಬರು ಜೊತೆಗಾರರೊಂದಿಗೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನೂ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯ ಎನಿಸಿದರು. ಆಗ ಅವರಿಗೆ ಹದಿನೆಂಟು ವರ್ಷ.

ಮಿಶನ್ನಿನ ದೃಷ್ಟಿಯಲ್ಲಿ ಇದು ವರ್ಷಗಳ ಬೋಧನೆಯ ಫಲ. ಊರಿನ ದೃಷ್ಟಿಯಲ್ಲಿ ಇದು ಮನೆಯ ಮಗನನ್ನು ಕಳೆದುಕೊಂಡ ಘಟನೆ. ಜಾತಿ ಹೊರಗಿಟ್ಟಿತು, ಅಡಿಗೆಮನೆಯ ಬಾಗಿಲು ಮುಚ್ಚಿತು, ಕಿರಿಯ ವಯಸ್ಸಿನ ಮದುವೆಯ ನಂಟು ಕಡಿಯಿತು. ಇಂಥ ಪ್ರಸಂಗಗಳನ್ನು ಬರೆಯುವಾಗ ಒಂದು ಪಕ್ಷ ಗೆಲುವನ್ನೂ ಇನ್ನೊಂದು ಪಕ್ಷ ಮೋಸವನ್ನೂ ಮಾತ್ರ ಕಾಣುವುದುಂಟು. ನಡುವೆ ನಿಂತ ತರುಣನ ಸ್ಥಿತಿ ಎರಡರಲ್ಲಿಯೂ ಮರೆಯಾಗುತ್ತದೆ. ಆತ ಪಡೆದ ಹೊಸ ಹುಟ್ಟು ನಿಜವಾದಷ್ಟೇ ಆತ ಕಳೆದುಕೊಂಡದ್ದೂ ನಿಜ. ಮನೆಯಲ್ಲಿ ಉಳಿದವರು ಏನನ್ನೂ ಆಯ್ಕೆ ಮಾಡಿರಲಿಲ್ಲ, ಆದರೂ ಅವರು ಬೆಲೆ ತೆತ್ತರು. ಯುವಜನರ ಆತ್ಮಸಂಸ್ಕಾರದ ಚರಿತ್ರೆಯಲ್ಲಿ ಈ ಲೆಕ್ಕವನ್ನೂ ಇಡಬೇಕಾಗುತ್ತದೆ.

ಕೌಂಡಿನ್ಯರ ಮುಂದಿನ ಬದುಕು ಗಮನಿಸತಕ್ಕದ್ದು. 1846ರಲ್ಲಿ ಗುರುವಿನೊಡನೆ ಬಾಸೆಲ್‌ಗೆ ತೆರಳಿ, ಅಲ್ಲಿಯ ಸೆಮಿನರಿಯಲ್ಲಿ ಓದಿ, 1851ರಲ್ಲಿ ಸಭಾಸೇವೆಗೆ ಅಭಿಷೇಕ ಹೊಂದಿ ಹಿಂದಿರುಗಿದರು. ಮಂಗಳೂರಿನ ಸೆಮಿನರಿಯಲ್ಲಿ ತಮಗಿಂತ ಕಿರಿಯರಿಗೆ ಕಲಿಸಿದರು. 1850ರ ದಶಕದ ಕೊನೆಯಲ್ಲಿ ಕೊಡಗಿನ ಕಡೆಗೆ ಹೊರಳಿ, ಭೂಮಾಲಿಕರಿಗೆ ಜೀತವಿದ್ದ ಅಸ್ಪೃಶ್ಯ ಸಮುದಾಯದಿಂದ ಕ್ರೈಸ್ತರಾದವರಿಗೆ ನೆಲೆಯಾಗಿ ಆನಂದಪುರ ಎಂಬ ಕಾಫಿ ತೋಟದ ವಸತಿಯನ್ನು ಕಟ್ಟಿದರು. ಹುಟ್ಟಿನಿಂದ ಬಂದ ಮಡಿಯನ್ನು ದೀಕ್ಷಾಸ್ನಾನದ ದಿನ ಬಿಟ್ಟದ್ದು ಒಂದು ಹೆಜ್ಜೆ. ಅತ್ಯಂತ ಕೆಳಗೆ ತಳ್ಳಲ್ಪಟ್ಟವರ ಜೊತೆ ಮಣ್ಣು ಮೆಟ್ಟಿ ಬಾಳಿದ್ದು ಅದಕ್ಕಿಂತ ದೊಡ್ಡ ಹೆಜ್ಜೆ. ಮೊದಲನೆಯದಕ್ಕೆ ಒಂದು ದಿನಾಂಕವಿದೆ. ಎರಡನೆಯದು ವರ್ಷಗಳ ಉದ್ದಕ್ಕೂ ನಡೆದ ಬೆಳವಣಿಗೆ. ಪಯಟಿಸ್ಟರು ಹೊಸ ಹುಟ್ಟಿನ ಕ್ಷಣಕ್ಕೆ ಕೊಟ್ಟ ಮಹತ್ವವನ್ನು ಕೌಂಡಿನ್ಯರ ಬದುಕು ತಿದ್ದುತ್ತದೆ ಎನ್ನಬಹುದು. 1893ರಲ್ಲಿ ಅವರು ತೀರಿಕೊಂಡರು.

ಮನೆಯ ಮಾತು, ಸಭೆಯ ಮಾತು

ಕೌಂಡಿನ್ಯರಂಥವರು ಬೆರಳೆಣಿಕೆಯಷ್ಟು. ಕರಾವಳಿಯ ಸಭೆಗಳ ಬಹುಪಾಲು ಜನ ಬಿಲ್ಲವ ಮೊದಲಾದ ಶ್ರಮಿಕ ಸಮುದಾಯಗಳಿಂದ ಬಂದವರು. ಅವರ ಮನೆಮಾತು ತುಳು. ಪಾಡ್ದನಗಳನ್ನು ಕೇಳಿ, ಭೂತಕೋಲವನ್ನು ಕಂಡು ಬೆಳೆದವರು ಅವರು. ಮಿಶನ್ನು ತುಳುವನ್ನು ಕಡೆಗಣಿಸಲಿಲ್ಲ. ಅಮ್ಮನ್ ಅವರ ತುಳು ಹೊಸ ಒಡಂಬಡಿಕೆ 1847ರಲ್ಲಿಯೇ ಬಂದಿತು. ಆಗಸ್ಟ್ ಮೆನ್ನರ್ ಅವರ ತುಳು ನಿಘಂಟು ಮತ್ತು ಪಾಡ್ದನಗಳ ಸಂಗ್ರಹ 1886ರಲ್ಲಿ ಪ್ರಕಟವಾದವು. ಆದರೆ ಶಾಲೆಯ ಮಾತು, ಆರಾಧನೆಯ ಮಾತು ಕನ್ನಡವಾಗಿ ನೆಲೆಗೊಂಡಿತು.

ಇದರಿಂದ ಒಬ್ಬ ತರುಣನ ಒಳಬದುಕು ಎರಡು ಭಾಷೆಗಳ ನಡುವೆ ಹಂಚಿಹೋಯಿತು. ಹಸಿವು, ಸಿಟ್ಟು, ತಮಾಷೆ, ತಾಯಿಯ ಕರೆ ತುಳುವಿನಲ್ಲಿ. ಪಾಪ, ಪಶ್ಚಾತ್ತಾಪ, ಕೃಪೆ, ರಕ್ಷಣೆ ಕನ್ನಡದಲ್ಲಿ, ಅದೂ ಬೈಬಲಿನ ಗ್ರಂಥಸ್ಥ ಕನ್ನಡದಲ್ಲಿ. ದೇವರೊಡನೆ ಮಾತಾಡುವಾಗ ಆತ ಆಡುನುಡಿಯಿಂದ ಎದ್ದು ಇನ್ನೊಂದು ನುಡಿಗೆ ಹೋಗಬೇಕಾಗಿತ್ತು. ಒಂದು ಕಡೆ ಇದು ಪ್ರಾರ್ಥನೆಗೆ ಘನತೆಯನ್ನು ತಂದಿತು. ಇನ್ನೊಂದು ಕಡೆ ನಿತ್ಯದ ಸಂಕಟಗಳನ್ನು ಅಲ್ಲಿಗೆ ಒಯ್ಯುವುದು ಕಷ್ಟವಾಯಿತು. ವರದಿಗಳಲ್ಲಿ ಮಿಶನರಿಗಳು ತರುಣರ ಭಕ್ತಿ ಮೇಲುಮೇಲಿನದೆಂದು ಕೊರಗುವುದಕ್ಕೆ ಮನಸ್ಸಿನ ಕೊರತೆಗಿಂತ ಮಾತಿನ ಈ ಅಂತರ ಕಾರಣವಾಗಿರಬಹುದು. ಹೃದಯ ಇಲ್ಲವೆಂದಲ್ಲ, ಹೃದಯದ ಮಾತು ವರದಿಗಾರನ ಕಿವಿಗೆ ಬೀಳಲಿಲ್ಲ.

ಕನ್ನಡದ ಪಾರಿಭಾಷಿಕ ಪದಗಳೂ ತಮ್ಮ ನೆನಪುಗಳನ್ನು ಹೊತ್ತೇ ಬಂದವು. ‘ದೀಕ್ಷಾಸ್ನಾನ’ದಲ್ಲಿ ದೀಕ್ಷೆಯೂ ಸ್ನಾನವೂ ಕೂಡಿವೆ. ಗುರುವಿನಿಂದ ದೀಕ್ಷೆ ಪಡೆಯುವ ವೀರಶೈವ ಪದ್ಧತಿಯೂ ತೀರ್ಥಸ್ನಾನದ ಪಾವಿತ್ರ್ಯವೂ ಕೇಳುವವನ ಮನಸ್ಸಿನಲ್ಲಿ ಏಳದೆ ಇರಲಾರವು. ‘ಮಾನಸಾಂತರ’ ಎಂಬ ಪದ ಮತಾಂತರಕ್ಕಿಂತ ಆಳಕ್ಕೆ ಹೋಗುತ್ತದೆ. ಹೊರಗಿನ ಗುರುತು ಬದಲಾಗುವುದನ್ನಲ್ಲ, ಮನಸ್ಸೇ ತಿರುಗುವುದನ್ನು ಅದು ಹೇಳುತ್ತದೆ. ‘ಭಕ್ತಿ’, ‘ಕೃಪೆ’, ‘ಶರಣಾಗತಿ’ಗಳಂತೂ ಶತಮಾನಗಳಿಂದ ಹದಗೊಂಡ ಪದಗಳು. ಈ ಪದಗಳನ್ನು ಬಳಸಿ ಕಲಿಸಿದ ಬೋಧಕನು, ತಾನರಿಯದೆಯೇ, ಕನ್ನಡದ ಭಕ್ತಿಪರಂಪರೆಯ ಕೇರಿಯಲ್ಲಿ ನಡೆದಾಡುತ್ತಿದ್ದನು.

ಹಾಡು ಮತ್ತು ಚಿತ್ರ

ಬಾಯಿಪಾಠಕ್ಕೆ ಜೀವ ಬಂದದ್ದು ಹಾಡಿನಲ್ಲಿ. ಜರ್ಮನ್ ಕೀರ್ತನೆಗಳ ಧಾಟಿಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿ ಹಾಡಿಸುವ ಪದ್ಧತಿ ಮೊದಲಿನಿಂದಲೂ ಬಂದಿತು. ಇದರಲ್ಲಿ ಛಂದಸ್ಸಿನ ಒಂದು ತೊಡಕಿದೆ. ಜರ್ಮನ್ ಪದ್ಯ ನಡೆಯುವುದು ಅಕ್ಷರದ ಮೇಲೆ ಬೀಳುವ ಒತ್ತಿನಿಂದ. ಕನ್ನಡದ್ದು ಮಾತ್ರೆಯ ಅಳತೆಯಿಂದ, ಲಘುಗುರುಗಳ ಹೊಂದಾಣಿಕೆಯಿಂದ. ಧಾಟಿಗೆ ಮಾತನ್ನು ಕಟ್ಟಿದಾಗ ಹ್ರಸ್ವವನ್ನು ಎಳೆಯಬೇಕು, ದೀರ್ಘವನ್ನು ಮೊಟಕುಗೊಳಿಸಬೇಕು. ಪದ ಕೆಲವೆಡೆ ಗುರುತು ಸಿಗದಷ್ಟು ಬದಲಾಗುತ್ತದೆ. ಆದರೂ ಹಲವು ತಲೆಮಾರುಗಳು ಹಾಡಿ ಹಾಡಿ ಆ ಧಾಟಿಗಳು ಕರಾವಳಿಯ ಕ್ರೈಸ್ತ ಮನೆಗಳ ಸ್ವತ್ತಾದವು. ಸಂಜೆ ದೀಪ ಹಚ್ಚಿದ ಮೇಲೆ ನಡೆಯುವ ಮನೆಪ್ರಾರ್ಥನೆಯಲ್ಲಿ, ಸಾವಿನ ಮನೆಯ ಜಾಗರಣೆಯಲ್ಲಿ, ಬೆಳೆಹಬ್ಬದ ದಿನ ಮೊದಲ ಫಲಗಳನ್ನು ದೇವಾಲಯಕ್ಕೆ ತಂದು ಒಪ್ಪಿಸುವಾಗ ಅವು ಸಹಜವಾಗಿ ಬಾಯಿಗೆ ಬರತೊಡಗಿದವು. ಮೊದಲ ತಲೆಮಾರಿನ ತರುಣನಿಗೆ ದೊರೆಯದಿದ್ದ ಮರುದನಿ, ಅವನ ಮೊಮ್ಮಗಳಿಗೆ ಅಜ್ಜಿಯ ಹಾಡಿನಲ್ಲಿ ದೊರೆಯಿತು.

ನಾಡಿನ ಮಟ್ಟುಗಳಲ್ಲಿಯೇ ಕ್ರಿಸ್ತಕಥೆಯನ್ನು ಹೇಳುವ ದಾರಿಯೂ ಹಳೆಯದೇ. ಗೋವೆಯ ಸಾಸಷ್ಟಿಯಲ್ಲಿದ್ದ ಇಂಗ್ಲಿಷ್ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿಯ ಓವಿ ಛಂದಸ್ಸಿನಲ್ಲಿ ರಚಿಸಿದ ‘ಕ್ರಿಸ್ತಪುರಾಣ’ 1616ರಲ್ಲಿ ಅಚ್ಚಾಯಿತು. ಹೊಸದಾಗಿ ಕ್ರೈಸ್ತರಾದವರು ತಾವು ಬಿಟ್ಟುಬಂದ ಪುರಾಣಗಳ ಜಾಗದಲ್ಲಿ ಕೇಳಲು ಒಂದು ಪುರಾಣ ಬೇಕೆಂದು ಬಯಸಿದ್ದೇ ಆ ಕಾವ್ಯದ ಹುಟ್ಟಿಗೆ ನೆಪ. ಮಂಗಳೂರಿನ ಕೊಂಕಣಿ ಕೆಥೊಲಿಕರ ಮನೆಗಳಲ್ಲಿ ಅದರ ಹಸ್ತಪ್ರತಿಗಳು ಉಳಿದುಬಂದವು, 1907ರಲ್ಲಿ ಅದರ ಮುದ್ರಣವೂ ಮಂಗಳೂರಿನಲ್ಲಿಯೇ ಆಯಿತು. ಬಾಸೆಲ್ ಮಿಶನ್ನಿನವರಲ್ಲಿ ಇಂಥ ಕೆಲಸಕ್ಕೆ ಕೈಹಾಕಿದವರು ಫರ್ಡಿನೆಂಡ್ ಕಿಟ್ಟೆಲ್. ಅವರ ‘ಕಥಾಮಾಲೆ’ 1862ರಲ್ಲಿ ಬಂದಿತು. ಯೇಸುವಿನ ಚರಿತ್ರೆಯನ್ನು ಕನ್ನಡದ ಪಾರಂಪರಿಕ ಛಂದಸ್ಸುಗಳಲ್ಲಿ ಹೇಳುವ ಕೃತಿಯಿದು. ಎರಡು ಶತಮಾನಗಳ ಅಂತರವಿದ್ದರೂ, ಮತದ ಶಾಖೆ ಬೇರೆಯಿದ್ದರೂ ಇಬ್ಬರೂ ಕಂಡುಕೊಂಡದ್ದು ಒಂದೇ. ಕಿವಿಗೆ ಒಗ್ಗಿದ ಲಯದಲ್ಲಿ ಬಂದ ಮಾತು ಮಾತ್ರ ಒಳಗೆ ಇಳಿಯುತ್ತದೆ.

ಹಾಡಿನ ಜೊತೆಗೆ ಚಿತ್ರವೂ ಬೋಧನೆಯ ಸಾಧನವಾಗಿತ್ತು. ಯೋಹಾನ್ನೆಸ್ ಗೊಸ್ನರ್ 1812ರಲ್ಲಿ ಪ್ರಕಟಿಸಿದ ‘ಹೃದಯ ಪುಸ್ತಕ’ ಮಿಶನ್ ವಲಯಗಳಲ್ಲಿ ಬಹುವಾಗಿ ಹರಡಿತು. ಹರ್ಮನ್ ಗುಂಡರ್ಟ್ ಅವರ ಮಲೆಯಾಳ ರೂಪ ‘ಮಾನುಷಹೃದಯಂ’ 1851ರಲ್ಲಿ ತಲಚೇರಿಯಲ್ಲಿ ಅಚ್ಚಾಯಿತು. ಮನುಷ್ಯನ ಹೃದಯವನ್ನು ದೊಡ್ಡದಾಗಿ ಬರೆದು, ಅದರೊಳಗೆ ಅಹಂಕಾರಕ್ಕೆ ನವಿಲು, ಹೊಟ್ಟೆಬಾಕತನಕ್ಕೆ ಹಂದಿ, ಮತ್ಸರಕ್ಕೆ ಹಾವು, ಸೋಮಾರಿತನಕ್ಕೆ ಆಮೆ ಹೀಗೆ ಪ್ರಾಣಿಗಳನ್ನು ಕೂರಿಸಿದ ಚಿತ್ರಗಳು ಅದರಲ್ಲಿವೆ. ಅರಿವು ಬೆಳೆದಂತೆ ಒಂದೊಂದಾಗಿ ಪ್ರಾಣಿಗಳು ಹೊರಟುಹೋಗುತ್ತವೆ, ಎಚ್ಚರ ತಪ್ಪಿದರೆ ಮರಳಿ ಬರುತ್ತವೆ. ಅರಿಷಡ್ವರ್ಗಗಳ ಕಲ್ಪನೆ ತಿಳಿದಿದ್ದ ನಾಡಿನ ಹುಡುಗರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಾಗಿರಲಿಲ್ಲ. ಇನ್ನೂ ಒಂದು ಅಂಶ ಇಲ್ಲಿ ಮುಖ್ಯ. ಹೊಸ ಹುಟ್ಟು ಒಮ್ಮೆ ಆಗಿ ಮುಗಿಯುವುದಲ್ಲ, ಹೋದ ಪ್ರಾಣಿ ಮರಳಿ ಬಂದೀತು ಎಂಬ ಎಚ್ಚರವನ್ನು ಈ ಚಿತ್ರಮಾಲೆ ಕಲಿಸುತ್ತದೆ. ಬನಿಯನ್ನನ ಯಾತ್ರಿಕನ ಕಥೆಯನ್ನು ಜಿ. ಎಚ್. ವೈಗ್ಲೆ ‘ಯಾತ್ರಿಕನ ಸಂಚಾರ’ವಾಗಿ ಕನ್ನಡಕ್ಕೆ ತಂದಾಗಲೂ ತರುಣರಿಗೆ ದೊರೆತದ್ದು ಇದೇ ತಿಳಿವಳಿಕೆ: ಆತ್ಮದ ಬೆಳವಣಿಗೆ ಒಂದು ನಡಿಗೆ, ಅದರಲ್ಲಿ ಕೆಸರೂ ಇದೆ, ಏರೂ ಇದೆ.

ಗುರುವಿನ ಕಲಿಕೆ

ಕಲಿಸಲು ಬಂದವರು ಇಲ್ಲಿ ಏನನ್ನು ಕಲಿತರು ಎಂಬ ಪ್ರಶ್ನೆ ಈ ಚರಿತ್ರೆಯ ಇನ್ನೊಂದು ಮುಖ. ಮೊಗ್ಲಿಂಗ್ ಅವರು ‘ಜಾತಿವಿಚಾರಣೆ’, ‘ದೇವವಿಚಾರಣೆ’ಯಂಥ ಖಂಡನಾತ್ಮಕ ಕೃತಿಗಳೊಡನೆ ಸೇರಿಹೋದ ಹೆಸರು. ಅವೇ ಕೈಗಳು 1848ರಿಂದ 1853ರ ವರೆಗೆ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಕನ್ನಡದ ಹಳೆಯ ಕಾವ್ಯಗಳನ್ನು ಅಚ್ಚುಹಾಕಿದವು. 1850ರಲ್ಲಿ ಅವರು ಹೊರತಂದ ದಾಸರ ಪದಗಳ ಸಂಗ್ರಹ ಆ ಹಾಡುಗಳಿಗೆ ದೊರೆತ ಮೊದಮೊದಲ ಮುದ್ರಿತ ರೂಪಗಳಲ್ಲೊಂದು. ಪರಧರ್ಮವನ್ನು ಅರಿತು ಖಂಡಿಸುವ ಉದ್ದೇಶವೂ ಇದರ ಹಿಂದೆ ಇದ್ದಿರಬಹುದು. ಆದರೆ ಸಾಲುಸಾಲಾಗಿ ಪುರಂದರದಾಸ, ಕನಕದಾಸರನ್ನು ಪ್ರತಿಮಾಡಿಸಿ, ತಿದ್ದಿ, ಅಚ್ಚಿಗೆ ಅಣಿಗೊಳಿಸಿದವರ ಮನಸ್ಸು ಮೊದಲಿನಂತೆಯೇ ಉಳಿದೀತೆಂದು ನಂಬುವುದು ಕಷ್ಟ. ದೇವರ ಮುಂದೆ ತಾನು ಏನೂ ಅಲ್ಲ ಎಂಬ ದಾಸರ ದೈನ್ಯ, ಪಯಟಿಸ್ಟ್ ಭಕ್ತನಿಗೆ ಪರಕೀಯವಾಗಿ ಕಾಣುವಂಥದಲ್ಲ.

1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್ ಅವರದು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಹಂಬಲ ಅವರದಾಗಿತ್ತು. ಪೌಲನ ಪತ್ರಿಕೆಯ ಒಂದು ಮಾತಿನಿಂದ ಮೊಳೆತ ಆಸೆಯಿದು. ಅವರು ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿದರು. ನಿಘಂಟಿನಲ್ಲಿ ಪದದ ಅರ್ಥಕ್ಕೆ ಆಧಾರವಾಗಿ ಕಾವ್ಯಗಳ ಜೊತೆಗೆ ಜನರ ಬಾಯಲ್ಲಿದ್ದ ಗಾದೆಗಳನ್ನೂ ತಂದು ನಿಲ್ಲಿಸಿದರು. ಪಂಡಿತನ ಗ್ರಂಥಕ್ಕೂ ಒಕ್ಕಲಿನ ಮಾತಿಗೂ ಒಂದೇ ಪುಟದಲ್ಲಿ ಸ್ಥಾನ ಕೊಟ್ಟ ಈ ಕ್ರಮದಲ್ಲಿ ವಿದ್ವತ್ತಿನಷ್ಟೇ ವಿನಯವೂ ಇದೆ. ಬೋಧಕನು ಕೇಳುಗನಾದಾಗ ಮಾತ್ರ ಬರುವ ವಿನಯವದು.

ಕೂಟಗಳ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯುವಜನರ ಧರ್ಮಶಿಕ್ಷಣ ವಸತಿಶಾಲೆಯ ಗೋಡೆಯಿಂದಾಚೆಗೂ ಹರಡಿತು. ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1780ರ ಸುಮಾರಿಗೆ ರಾಬರ್ಟ್ ರೈಕ್ಸ್ ಬಡಮಕ್ಕಳಿಗಾಗಿ ಆರಂಭಿಸಿದ ಭಾನುವಾರದ ಶಾಲೆಯ ಪದ್ಧತಿ ಭಾರತದ ಸಭೆಗಳಲ್ಲಿ ಬೇರೂರಿತು. 1876ರಲ್ಲಿ ಇಂಡಿಯಾ ಸಂಡೇ ಸ್ಕೂಲ್ ಯೂನಿಯನ್ ಸ್ಥಾಪನೆಯಾಯಿತು. 1844ರಲ್ಲಿ ಲಂಡನ್ನ ಜವಳಿ ಅಂಗಡಿಯ ನೌಕರ ಜಾರ್ಜ್ ವಿಲಿಯಮ್ಸ್ ಜೊತೆಗಾರರೊಡನೆ ಕಟ್ಟಿದ ವೈ.ಎಂ.ಸಿ.ಎ. 1890ರಲ್ಲಿ ಮದರಾಸಿನಲ್ಲಿ ನೆಲೆಯೂರಿತು, ಮರುವರ್ಷ ಅದರ ರಾಷ್ಟ್ರೀಯ ಪರಿಷತ್ತು ರೂಪುಗೊಂಡಿತು. ಇಲ್ಲಿ ಬೋಧಕ ಮತ್ತು ಬೋಧಿತರ ನಡುವಣ ಅಂತರ ಕಿರಿದಾಯಿತು. ತರುಣರು ತಾವೇ ಸೇರಿ ಓದುವುದು, ತಾವೇ ಪ್ರಶ್ನಿಸುವುದು, ದೇಹ, ಬುದ್ಧಿ, ಆತ್ಮ ಮೂರನ್ನೂ ಒಟ್ಟಿಗೆ ಬೆಳೆಸುವುದು ಇದರ ಆದರ್ಶ. ಈ ಸಂಸ್ಥೆಯಲ್ಲಿ ಕೆಲಸ ಮಾಡಿದ ವಿ. ಎಸ್. ಅಜರಾಯ 1905ರಲ್ಲಿ ಭಾರತೀಯರದೇ ಆದ ರಾಷ್ಟ್ರೀಯ ಮಿಶನರಿ ಸಂಘದ ಸ್ಥಾಪಕರಲ್ಲಿ ಒಬ್ಬರಾದರು.

ಬಾಸೆಲ್ ಮಿಶನ್ನಿನ ಸಭೆಗಳಿಗೆ ಸ್ವಾವಲಂಬನೆ ಬಂದದ್ದು ಇನ್ನೊಂದು ರೀತಿಯಿಂದ. 1914ರ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು. ಅಲ್ಲಿಯ ವರೆಗೆ ಸಹಾಯಕರೆನಿಸಿದ್ದ ಸಭಾಪಾಲಕರು, ಉಪದೇಶಿಗಳು, ಶಾಲಾಮಾಸ್ತರರ ಮೇಲೆ ಹೊಣೆ ಬಿದ್ದಿತು. ಎಂಬತ್ತು ವರ್ಷಗಳ ಬೋಧನೆ ಒಳಗೆ ಇಳಿದಿದೆಯೇ, ಇಲ್ಲ ತುಟಿಯ ಮೇಲೆಯೇ ನಿಂತಿದೆಯೇ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೆ ಇರಲಿಲ್ಲ. ಗುರುಗಳು ಹೋದರು, ಸಭೆ ಉಳಿಯಿತು. ದಕ್ಷಿಣ ಕನ್ನಡ ಮತ್ತು ಕೊಡಗಿನ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯ ಅಂಗವಾದವು.

ಸೆಮಿನರಿಯ ಒಬ್ಬ ವಿದ್ಯಾರ್ಥಿ

ಈ ಶಿಕ್ಷಣದ ಪರಿಪಕ್ವ ಫಲವನ್ನು ಕಾಣಬೇಕಾದರೆ ಉತ್ತಂಗಿ ಚನ್ನಪ್ಪನವರ ಕಡೆಗೆ ನೋಡಬೇಕು. 1881ರಲ್ಲಿ ಧಾರವಾಡದ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಮಂಗಳೂರಿನ ಸೆಮಿನರಿಯಲ್ಲಿ ಓದಿ, ಸಭಾಸೇವೆಗೆ ಬಾಳನ್ನು ಮೀಸಲಿಟ್ಟ ಚನ್ನಪ್ಪನವರು ಉತ್ತರ ಕರ್ನಾಟಕದ ಊರುಗಳಲ್ಲಿ ಉಪದೇಶಿಯಾಗಿ ಸುತ್ತಿದರು. ಹೇಳಲು ಹೋದ ಕಡೆಯಲ್ಲಿ ಅವರು ಕೇಳಿದರು. ಜನರ ನಾಲಗೆಯ ಮೇಲಿದ್ದ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದವು. ಹಸ್ತಪ್ರತಿಗಳನ್ನು ಹುಡುಕಿ, ಹಾಡುವವರನ್ನು ಹುಡುಕಿ, ಪಾಠಗಳನ್ನು ಹೋಲಿಸಿ 1924ರಲ್ಲಿ ‘ಸರ್ವಜ್ಞನ ವಚನಗಳು’ ಸಂಪುಟವನ್ನು ಹೊರತಂದರು. ಸರ್ವಜ್ಞನನ್ನು ಕುರಿತ ಮುಂದಿನ ಅಧ್ಯಯನಗಳಿಗೆಲ್ಲ ಇದು ತಳಹದಿಯಾಯಿತು.

ಇದು ಉಪದೇಶಿಯ ಕರ್ತವ್ಯದಿಂದ ದೂರ ಸರಿದ ವಿದ್ವತ್ತೆಂದು ತಿಳಿಯಬೇಕಾಗಿಲ್ಲ. 1921ರಲ್ಲಿ ಅವರು ಬರೆದ, ಬೆತ್ಲೆಹೇಮು ಬನಾರಸಕ್ಕೆ ಮಾಡುವ ವಿನಂತಿಯ ರೂಪದ ಕೃತಿಯಲ್ಲಿ ಕ್ರಿಸ್ತನನ್ನು ಈ ನೆಲದ ಅಧ್ಯಾತ್ಮದೊಡನೆ ಎದುರುಬದುರು ಕೂರಿಸಿ ಮಾತಾಡಿಸುವ ಯತ್ನವಿದೆ. ಶಿರೋನಾಮೆಯಲ್ಲಿಯೇ ದನಿ ಬದಲಾದುದನ್ನು ಗಮನಿಸಬೇಕು. ಮೊಗ್ಲಿಂಗ್ ಅವರ ಕಾಲದಲ್ಲಿ ‘ವಿಚಾರಣೆ’ ಇದ್ದ ಕಡೆ ಈಗ ‘ವಿನಂತಿ’ ಬಂದಿದೆ. ವಿಚಾರಣೆಯಲ್ಲಿ ಒಬ್ಬ ಎತ್ತರದಲ್ಲಿ ಕೂತಿರುತ್ತಾನೆ, ವಿನಂತಿಯಲ್ಲಿ ಕೈಮುಗಿದು ನಿಂತಿರುತ್ತಾನೆ. ಒಂದು ಸಂಸ್ಥೆಯ ಬೋಧನೆ ಮೂರು ತಲೆಮಾರುಗಳಲ್ಲಿ ಎಷ್ಟು ದೂರ ನಡೆಯಿತೆಂಬುದಕ್ಕೆ ಈ ಎರಡು ಪದಗಳ ನಡುವಣ ಅಂತರ ಸಾಕ್ಷಿ. ಬಸವಣ್ಣನವರನ್ನೂ ಅನುಭವಮಂಟಪವನ್ನೂ ಕುರಿತು ಚನ್ನಪ್ಪನವರು ಆಮೇಲೆ ನಡೆಸಿದ ಅಧ್ಯಯನ ಇದರ ಮುಂದುವರಿಕೆ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದು ಕರೆದುಕೊಂಡ ಈ ಪಾದ್ರಿ 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 1962ರಲ್ಲಿ ನಿಧನರಾದರು. ಅವರು ತಮ್ಮ ವಿಶ್ವಾಸವನ್ನು ಬಿಟ್ಟವರಲ್ಲ. ಅದು ಬೆಳೆದಂತೆ ಅದರ ಕಿಟಕಿಗಳನ್ನು ಅಗಲ ಮಾಡಿದವರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಬಾಸೆಲ್ ಮಿಶನ್ನಿನ ಯುವಶಿಕ್ಷಣ ಶಿಸ್ತಿನ ದೃಷ್ಟಿಯಿಂದ ಯಶಸ್ವಿಯಾಯಿತು. ಓದುಬಲ್ಲ, ಹಾಡಬಲ್ಲ, ದುಡಿಯಬಲ್ಲ ಸಮುದಾಯವೊಂದನ್ನು ಅದು ಕಟ್ಟಿತು. ಆದರೆ ಅದು ತನ್ನ ಗುರಿಯೆಂದು ಸಾರಿದ ಅಂತರಂಗದ ಬೆಳವಣಿಗೆ ಶಿಸ್ತಿನಿಂದಲೇ ಬರಲಿಲ್ಲ. ಬೋಧನೆ ಜನರ ಲಯವನ್ನು, ಪದಗಳ ಹಿಂದಿನ ನೆನಪನ್ನು, ಮನೆಯ ಸಂಜೆಯನ್ನು ಮುಟ್ಟಿದ ಕಡೆಗಳಲ್ಲಿ ಅದು ಚಿಗುರಿತು. ಈ ಚಿಗುರಿಗೆ ಕೆಲವು ಮನೆಗಳು ಕಣ್ಣೀರಿನ ಬೆಲೆಯನ್ನೂ ತೆತ್ತವು. ಅದನ್ನು ಮರೆತು ಬರೆಯುವ ಚರಿತ್ರೆ ಅರ್ಧ ಚರಿತ್ರೆ.

ಎಲ್ಲಕ್ಕಿಂತ ಮಿಗಿಲಾಗಿ, ಬೋಧಕನು ತಾನೂ ಬೆಳೆಯುತ್ತಿದ್ದಾಗ ಮಾತ್ರ ಅವನ ಬೋಧನೆ ತರುಣರಲ್ಲಿ ಬೆಳೆಯಿತು. ಕೌಂಡಿನ್ಯರು ಆನಂದಪುರದ ಕೂಲಿಗಳ ನಡುವೆ, ಕಿಟ್ಟೆಲ್ ಅವರು ಗಾದೆಗಳ ನಡುವೆ, ಚನ್ನಪ್ಪನವರು ತ್ರಿಪದಿಗಳ ನಡುವೆ ಶಿಷ್ಯರಾಗಿ ಕುಳಿತದ್ದು ಅವರ ಬೋಧನೆಗೆ ಬಲ ತಂದಿತು. ‘ಉಪದೇಶಿ’ ಎಂಬ ಪದವನ್ನು ಮಿಶನ್ನು ಅನುಕೂಲಕ್ಕಾಗಿ ಎತ್ತಿಕೊಂಡಿತು. ಆ ಪದ ತನ್ನ ಅರ್ಥವನ್ನು ಬಿಟ್ಟುಕೊಡಲಿಲ್ಲ. ಕಲಿಸುವವನು ಮೊದಲು ಕಲಿತಿರಬೇಕೆಂದೂ ಕಲಿಯುತ್ತಲೇ ಇರಬೇಕೆಂದೂ ಅದು ಮೂರು ತಲೆಮಾರುಗಳ ಉದ್ದಕ್ಕೂ ಕೇಳುತ್ತಲೇ ಬಂದಿತು.